ನೀರಿನ ಹದ

ಬೆಂಕಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಕೋಪದಿಂದ ಬಂದದ್ದಲ್ಲ. ಅವನಿಗೆ ಕೋಪ ಬರುತ್ತಲೇ ಇರಲಿಲ್ಲ; ಬಂದಿದ್ದರೆ ಕೈಕೆಳಗಿನವರು ಎಷ್ಟೋ ನೆಮ್ಮದಿಯಾಗಿರುತ್ತಿದ್ದರು. ಬೈದು ಮುಗಿಸುವವನ ಹತ್ತಿರ ಹೇಗೋ ಬಾಳಬಹುದು, ಬೈಯದೆ ಸುಮ್ಮನೆ ನೋಡುವವನ ಹತ್ತಿರ ಬಾಳುವುದು ಕಷ್ಟ.

ಅವನು ದುಡಿದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಮೇಜುಬಟ್ಟೆ, ಸಮವಸ್ತ್ರಗಳ ಗಂಟು, ಎಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಒಗೆಯುವ ಕಡೆ ಬೇರೆಯವರ ಆಳ್ವಿಕೆ; ಇಸ್ತ್ರಿ ಕೋಣೆಗೆ ಇವನೇ ಮೇಸ್ತ್ರಿ. ಕಿಟಕಿಯ ಗಾಜುಗಳು ಸದಾ ಆವಿಯಿಂದ ಮಬ್ಬಾಗಿರುತ್ತಿದ್ದ ಉದ್ದನೆಯ ಕೋಣೆ ಅದು. ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಎಂದು ಬೇರೆಯವರು ನೀರು ಚಿಮುಕಿಸಿ, ಚೊಯ್ ಎನ್ನುವ ಸದ್ದಿನಿಂದ ತಿಳಿದುಕೊಳ್ಳುತ್ತಿದ್ದರು. ಮೇಸ್ತ್ರಿ ಬೆರಳು ಮುಟ್ಟಿಸಿ ತಿಳಿದುಕೊಳ್ಳುತ್ತಿದ್ದ. ಮೊದಮೊದಲು ಗುಳ್ಳೆ ಎದ್ದವು, ಆಮೇಲೆ ಚರ್ಮ ದಪ್ಪಗಾಯಿತು, ಆಮೇಲೆ ಏನೂ ಆಗದಂತಾಯಿತು. ಹೊಸಬರು ಕೆಲಸಕ್ಕೆ ಸೇರಿದ ದಿನ ಅವರ ಮುಖವನ್ನೇ ನೋಡುತ್ತ ಕಾದ ಪೆಟ್ಟಿಗೆಯ ತಳವನ್ನು ಮೂರು ಬೆರಳಿನಿಂದ ನಿಧಾನವಾಗಿ ಸವರುತ್ತಿದ್ದ. ನೋಡುವವರು "ಅಯ್ಯಪ್ಪಾ" ಎಂದು ಕಣ್ಣು ಮುಚ್ಚುತ್ತಿದ್ದರು. ಆ "ಅಯ್ಯಪ್ಪಾ" ಕೇಳುವುದಕ್ಕಾಗಿಯೇ ಅವನು ಬದುಕಿದ್ದಾನೇನೋ ಎಂದು ಹಳಬರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಹಳಬರ ಮಾತು ಅಷ್ಟೇನೂ ಸುಳ್ಳಲ್ಲ.

ಮಡಿಕೆ ಸೊಟ್ಟಗಾದ ಹಾಸುಬಟ್ಟೆ ಕಂಡರೆ ಅವನು ಮಾತಾಡುತ್ತಿರಲಿಲ್ಲ. ಅದನ್ನು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಇಡೀ ಕೋಣೆಗೆ ತೋರಿಸಿ, ನೆಲಕ್ಕೆ ಬಿಡುತ್ತಿದ್ದ. ನೆಲ ಮುಟ್ಟಿದ ಬಟ್ಟೆ ಮತ್ತೆ ಒಗೆಯುವ ಕಡೆಗೆ ಹೋಗಬೇಕು, ಮತ್ತೆ ಒಣಗಬೇಕು, ಮಡಿಚಿದವರು ಅಲ್ಲಿಯವರೆಗೆ ಮನೆಗೆ ಹೋಗುವಂತಿಲ್ಲ. ಒಮ್ಮೆ ಒಬ್ಬ ಹೆಂಗಸು, ಮನೆಯಲ್ಲಿ ಮಗುವಿಗೆ ಜ್ವರ, ಇದೊಂದು ಸಲ ಬಿಡಿ ಎಂದು ಅತ್ತಳು. ಅವಳು ಅತ್ತು ಮುಗಿಸುವವರೆಗೂ ಮೇಸ್ತ್ರಿ ತಾಳ್ಮೆಯಿಂದ ನಿಂತಿದ್ದ. ಮುಗಿದ ಮೇಲೆ ನೆಲದ ಕಡೆ ಬೆರಳು ತೋರಿಸಿದ. ಅದನ್ನು ಅವನು ಶಿಸ್ತು ಎಂದು ತಿಳಿದಿದ್ದ. ಬಾಗಿಲಲ್ಲಿ ಅವನ ನೆರಳು ಕಂಡೊಡನೆ ಕೋಣೆ ತೆಪ್ಪಗಾಗುತ್ತಿತ್ತಲ್ಲ, ಅದನ್ನು ಗೌರವ ಎಂದು ತಿಳಿದಿದ್ದ.

ಮನೆಯಲ್ಲಿ ಹೆಂಡತಿ ಇದಕ್ಕೆ ತದ್ವಿರುದ್ಧ. ಬಾಯಿಗೆ ಬೀಗವೇ ಇಲ್ಲದ ಹೆಂಗಸು. ಗೋಡೆಯ ಜೊತೆಗೂ ಎರಡು ಮಾತಾಡಿಯಾಳು. "ನಮ್ಮನೆಯವರಿಗೆ ಬೆರಳು ಮಾತ್ರ ಅಲ್ಲ, ನಾಲಿಗೇನೂ ಸುಟ್ಟಿದೆ. ಉಪ್ಪು ಹಾಕದೆ ಬಡಿಸಿದ್ರೂ ಊಟ ಮಾಡಿ ಎದ್ದು ಹೋಗ್ತಾರೆ" ಎಂದು ಅಕ್ಕಪಕ್ಕದವರಿಗೆ ಹೇಳಿ ನಗಿಸುತ್ತಿದ್ದಳು. ನಿಜಕ್ಕೂ ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಬಡಿಸಿದ್ದಳು. ಅವನು ಉಂಡು ಎದ್ದು ಹೋದ. ಆ ಕತೆಯನ್ನು ಅವಳು ಎಷ್ಟು ಸಲ ಹೇಳಿದಳೋ. ಒಮ್ಮೆ ಹೇಳುತ್ತ ಹೇಳುತ್ತ ನಡುವೆ ಸುಮ್ಮನಾದಳು. ಎದುರಿದ್ದವರು ಮುಂದೇನಾಯಿತು ಎಂದು ಕೇಳಿದರೂ ಹೇಳಲಿಲ್ಲ. ಆಮೇಲೆ ಆ ಕತೆ ಹೇಳುವುದನ್ನೇ ಬಿಟ್ಟಳು.

ಇದ್ದದ್ದು ಒಬ್ಬಳೇ ಮಗಳು. ಓದಿ, ಮದುವೆಯಾಗಿ, ಎರಡು ಬೀದಿ ಆಚೆ ಮನೆ ಮಾಡಿಕೊಂಡು, ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

ಕೆಲಸದಿಂದ ನಿವೃತ್ತನಾದ ಮೇಲೆ ಮೇಸ್ತ್ರಿಗೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಅವನು ಒಳಗೆ ಬಂದರೆ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ. ಅಂಗಡಿಗೆ ಹೋದರೆ ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ ಸಾಮಾನು ಕೊಡುತ್ತಿದ್ದ. ಮನೆಯಲ್ಲಂತೂ ಹೆಂಡತಿಯ ಮಾತಿಗೆ ಮೊದಲೇ ತಡೆ ಇರಲಿಲ್ಲ. ಕೈ ಖಾಲಿ, ಮನಸ್ಸು ಖಾಲಿ. "ಆಸೆಗಳೆಲ್ಲ ಮುಗಿದು ಹೋದವು, ಇನ್ನು ಒಳಗಿನ ಕೆಲಸ ನೋಡಿಕೊಳ್ಳಬೇಕು" ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡು ಮೌನದ ಮನೆಯ ದಾರಿ ಹಿಡಿದ.

ಬಸ್ ನಿಲ್ದಾಣದ ಹಿಂದೆ ಹಳೆಯ ಗೋದಾಮೊಂದಿತ್ತು. ಅದನ್ನೇ ಜನ ಮೌನದ ಮನೆ ಎನ್ನುತ್ತಿದ್ದರು. ಅಲ್ಲಿ ಚಿತ್ರವಿಲ್ಲ, ಪುಸ್ತಕವಿಲ್ಲ, ಹಾಡಿಲ್ಲ. ಬೆಳಿಗ್ಗೆ ಒಂದಷ್ಟು ಜನ ಬಂದು ಚಾಪೆಯ ಮೇಲೆ ಕೂರುವುದು, ಗಂಟೆ ಬಾರಿಸಿದಾಗ ಬಾಯಿ ಮುಚ್ಚುವುದು, ಮತ್ತೆ ಬಾರಿಸಿದಾಗ ಎದ್ದು ಅವರವರ ಕೆಲಸಕ್ಕೆ ಹೋಗುವುದು, ಇಷ್ಟೇ. ಇದನ್ನು ಶುರು ಮಾಡಿದವಳು ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಒಬ್ಬ ಮುದುಕಿ. ಎಲ್ಲರೂ ಅವಳನ್ನು ದಾದಿಯಮ್ಮ ಎನ್ನುತ್ತಿದ್ದರು. ಎದುರಿಗೆ ಒಂದು ಗಿಡ್ಡ ಮರದ ಸ್ಟೂಲಿನ ಮೇಲೆ ಕೂತು ಗಂಟೆ ಬಾರಿಸುವುದು ಅವಳ ಕೆಲಸ. ಉಪದೇಶ ಮಾಡಿ ಎಂದರೆ, "ಆಸ್ಪತ್ರೇಲಿ ಮಾತಾಡಿ ಮಾತಾಡಿ ಸಾಕಾಗಿದೆ, ಸುಮ್ನೆ ಕೂತ್ಕೊಳ್ರಪ್ಪ" ಎನ್ನುತ್ತಿದ್ದಳು.

ಸುಮ್ಮನೆ ಕೂರುವುದು ಎಲ್ಲರಿಗೂ ಸುಲಭವಲ್ಲ. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಗಂಟೆಯ ಸದ್ದು ಆರುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ಅದನ್ನು ಸಹಿಸುವುದೇ ಉಳಿದವರ ಸಾಧನೆಯಾಗಿತ್ತು. ಒಬ್ಬರಿಗೆ ಕಾಲು ಜೋಮು, ಇನ್ನೊಬ್ಬರಿಗೆ ಕೆಮ್ಮು. ಮೇಸ್ತ್ರಿ ಮಾತ್ರ ನೆಟ್ಟ ಕಂಬ. ನೊಣ ಬಂದು ಮೂಗಿನ ಮೇಲೆ ಕೂತರೂ ರೆಪ್ಪೆ ಅಲುಗದು. ಜನ ಗಮನಿಸಿದರು. "ತುಂಬಿದ ಕೊಡ ತುಳುಕೋದಿಲ್ಲ ನೋಡಿ" ಎಂದು ಪೋಸ್ಟ್ ಮಾಸ್ತರರು ಹೇಳಿದ್ದು ಅವನ ಕಿವಿಗೂ ಬಿತ್ತು. ಖಾಲಿ ಕೊಡವೂ ತುಳುಕುವುದಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ಕ್ರಮೇಣ ಅವನು ಎಲ್ಲರಿಗೂ ಕಾಣುವ ಕಡೆ ಕೂರತೊಡಗಿದ. ಕಣ್ಣು ಮುಚ್ಚಿಯೇ ಇರುತ್ತಿದ್ದ, ಆದರೆ ಯಾರು ತನ್ನನ್ನು ನೋಡುತ್ತಿದ್ದಾರೆ ಎಂಬುದು ಮುಚ್ಚಿದ ಕಣ್ಣಿಗೇ ಗೊತ್ತಾಗುತ್ತಿತ್ತು. ಚಾಪೆಗಳನ್ನು ಗೆರೆ ಎಳೆದಂತೆ ಹಾಸುವ ಕೆಲಸ ತಾನೇ ವಹಿಸಿಕೊಂಡ. ಆಮೇಲೆ ಯಾರು ಎಲ್ಲಿ ಕೂರಬೇಕೆಂದು ಹೇಳತೊಡಗಿದ. ಆಮೇಲೆ ಗಂಟೆಯಾದ ಕೂಡಲೇ ಬಾಗಿಲು ಹಾಕತೊಡಗಿದ. ಬೆಳಗಿನ ಬ್ರೆಡ್ ಮಾರಿ ಓಡೋಡಿ ಬರುತ್ತಿದ್ದ ಒಬ್ಬಾಕೆ ಎರಡು ಸಲ ಹೊರಗೇ ನಿಂತು ಹಿಂದಿರುಗಿದಳು, ಮೂರನೆಯ ಸಲ ಬರಲಿಲ್ಲ.

"ಬಾಗಿಲು ಯಾಕಪ್ಪ ಹಾಕ್ತೀಯ?" ಎಂದು ದಾದಿಯಮ್ಮ ಕೇಳಿದಳು.

"ಶಿಸ್ತು ಬೇಕಲ್ಲಮ್ಮ" ಎಂದ.

"ಯಾರಿಗೆ?" ಎಂದಳು. ಹಾಗೆಂದವಳು ಬೇರೆ ಯಾರೊಂದಿಗೋ ಮಾತಿಗೆ ತಿರುಗಿದಳು.

ಹೀಗಿರುವಾಗ ಹೆಂಡತಿಗೆ ಲಕ್ವ ಹೊಡೆಯಿತು. ಪಾತ್ರೆ ತೊಳೆಯುತ್ತಿದ್ದವಳು ಹಾಗೆಯೇ ಕುಸಿದಳು. ಜೀವ ಉಳಿಯಿತು, ಬಲಗಡೆ ಹೋಯಿತು, ಮಾತೂ ಹೋಯಿತು. ಗೋಡೆಯ ಜೊತೆ ಮಾತಾಡುತ್ತಿದ್ದವಳಿಗೆ "ಊಂ" ಎಂಬ ಒಂದು ದನಿ ಮಾತ್ರ ಉಳಿಯಿತು. ಹಸಿವಾದರೂ ಊಂ, ಬಾಯಾರಿದರೂ ಊಂ, ಕಿಟಕಿ ತೆಗೆಯಬೇಕೆಂದರೂ ಊಂ. ಮಗಳು ಒಂದೆರಡು ವಾರದಲ್ಲೇ ಅದನ್ನೆಲ್ಲ ಕಲಿತಳು. ದಿನಾ ಬೆಳಿಗ್ಗೆ ಬಂದು ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಅಂಗಡಿಗೆ ಹೋಗುತ್ತಿದ್ದಳು. ಮೇಸ್ತ್ರಿ ಕಲಿಯಲಿಲ್ಲ. ಅವನ ಕಿವಿಗೆ ಎಲ್ಲ ಊಂಗಳೂ ಒಂದೇ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮೊದಲ ದಿನ ಅವನು ತನ್ನೊಳಗೆ ದುಃಖವನ್ನು ಹುಡುಕಿದ್ದ. ಕನ್ನಡಕ ಎಲ್ಲಿಟ್ಟೆ ಎಂದು ತಡಕಾಡುವವರ ಹಾಗೆ ಮೂಲೆ ಮೂಲೆ ತಡಕಾಡಿದ್ದ. ಸಿಗಲಿಲ್ಲ. ನೆಲದ ಟೈಲ್ಸ್ ಕಾಣಿಸಿತು, ಫಿನಾಯಿಲ್ ವಾಸನೆ ಬಂತು, ಅಷ್ಟೇ. ಆಗ ಅವನಿಗೆ ಹೆದರಿಕೆಯಾದದ್ದು ನಿಜ. ಮರುದಿನ ಸರಿಯಾದ ಹೊತ್ತಿಗೆ ಮೌನದ ಮನೆಗೆ ಹೋಗಿ ಕೂತ, ಎಂದಿನಂತೆ ಅಲುಗಾಡದೆ. ಎದ್ದಾಗ ಪೋಸ್ಟ್ ಮಾಸ್ತರರು ಅವನ ಎರಡೂ ಕೈ ಹಿಡಿದುಕೊಂಡರು. "ಮನೇಲಿ ಇಂಥಾದ್ದು ಆಗಿದ್ರೂ ನಿಮ್ಮ ಮನಸ್ಸು ಅಲುಗಲಿಲ್ವಲ್ಲ ಮೇಸ್ತ್ರಿಗಳೇ! ನಾವಾಗಿದ್ರೆ ಬಿದ್ದು ಹೊರಳಾಡ್ತಿದ್ವಿ. ಇದಕ್ಕೇ ನಿರ್ಲಿಪ್ತತೆ ಅನ್ನೋದು." ಸುತ್ತಲಿದ್ದವರು ಹೌದು ಹೌದು ಎಂದರು. ಮೇಸ್ತ್ರಿಯ ಹೆದರಿಕೆ ಅಲ್ಲಿಗೇ ಹೋಯಿತು. ತನಗಾದದ್ದು ರೋಗವಲ್ಲ, ಸಿದ್ಧಿ ಎಂದು ತಿಳಿದ ಮೇಲೆ ಇನ್ನೇತರ ಹೆದರಿಕೆ?

ವರ್ಷ ಕಳೆಯಿತು. ದಾದಿಯಮ್ಮನ ಮೊಣಕಾಲು ಕೈಕೊಟ್ಟವು. ಇನ್ನು ತನ್ನಿಂದಾಗದು, ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತು ಗಂಟೆ ಬಾರಿಸಲಿ ಎಂದಳು. ಎಲ್ಲರ ಕಣ್ಣೂ ಮೇಸ್ತ್ರಿಯ ಕಡೆ ಹೊರಳಿತು. "ಛೇ ಛೇ, ನನಗೇಕೆ, ಬೇಡವೇ ಬೇಡ" ಎಂದ ಅವನು. ಅಷ್ಟರಲ್ಲಿ ಅವನ ಮನಸ್ಸು ಆ ಸ್ಟೂಲಿನ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿಯಾಗಿತ್ತು. ಆ ಗಿಡ್ಡ ಸ್ಟೂಲಿನಷ್ಟು ಅವನು ಬೇರೆ ಯಾವುದನ್ನೂ ಬಯಸಿದವನಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ತನ್ನ ಬಯಕೆ ತನಗೇ ಕಾಣದಂತೆ ಬಯಸಿದ.

ಆ ಮನೆಯಲ್ಲಿ ಇದ್ದದ್ದು ಒಂದೇ ಒಂದು ಪದ್ಧತಿ. ಸ್ಟೂಲಿನ ಮೇಲೆ ಹೊಸದಾಗಿ ಕೂರುವವರು ಕೂರುವ ಮೊದಲು ಎಲ್ಲರ ಎದುರು ನಿಂತು, ಆ ದಿನ ಕಣ್ಣು ಬಿಟ್ಟಾಗಿನಿಂದ ಅಲ್ಲಿಗೆ ಬರುವವರೆಗೆ ಏನೇನು ಮಾಡಿದರೋ ಅಷ್ಟನ್ನೂ ಹೇಳಬೇಕು. ಪ್ರಮಾಣವಿಲ್ಲ, ಭಾಷಣವಿಲ್ಲ, ಒಂದು ಬೆಳಗಿನ ವರದಿ. ದಾದಿಯಮ್ಮ ತಾನು ಕೂತ ದಿನ, "ಎದ್ದೆ, ಹಾಲು ಉಕ್ಕಿಸಿದೆ, ಪಕ್ಕದ ಮನೆಯವಳ ಜೊತೆ ಜಗಳ ಆಡಿದೆ, ತಪ್ಪು ನಂದೇ, ಬಂದೆ" ಎಂದಿದ್ದಳಂತೆ. ಜನ ನಕ್ಕಿದ್ದರಂತೆ.

ಬೇರೆ ಯಾರಾದರೂ ಆಗಿದ್ದರೆ ಬೆಳಗು ಬಂದ ಹಾಗೆ ಬರಲಿ ಎಂದು ಬಿಡುತ್ತಿದ್ದರು. ಮೇಸ್ತ್ರಿ ಇಸ್ತ್ರಿ ಕೋಣೆಯ ಮನುಷ್ಯ. ಸುಕ್ಕು ಬೀಳುವ ಮೊದಲೇ ಅವನ ಕಣ್ಣಿಗೆ ಕಾಣುತ್ತದೆ. ಇನ್ನೂ ಬಾರದ ಬೆಳಗಿಗೆ ಅವನು ಮೊದಲೇ ಇಸ್ತ್ರಿ ಹಾಕತೊಡಗಿದ. ಏಳುವುದು, ಮನೆ ಗುಡಿಸುವುದು, ಮತ್ತೆ ಹೆಂಡತಿಗೆ ತನ್ನ ಕೈಯಾರೆ ಸ್ನಾನ ಮಾಡಿಸುವುದು. ಈ ಮೂರನೆಯದು ಹೊಳೆದಾಗ ಅವನಿಗೆ ತನ್ನ ಬಗ್ಗೆ ತನಗೇ ಮೆಚ್ಚಿಗೆಯಾಯಿತು. ಸೇವೆ, ವಿನಯ, ನಿರ್ಲಿಪ್ತತೆ, ಮೂರೂ ಒಂದೇ ಬಕೆಟ್ಟಿನಲ್ಲಿ.

"ನಾಳೆ ನೀನು ಬರೋದು ಬೇಡ, ನಾನೇ ಸ್ನಾನ ಮಾಡಿಸ್ತೀನಿ" ಎಂದು ಹಿಂದಿನ ದಿನ ಮಗಳಿಗೆ ಹೇಳಿದ.

"ನೀನಾ?"

"ಯಾಕೆ, ನಾನು ಮಾಡಿಸಬಾರದಾ?"

"ಹಾಗಲ್ಲಪ್ಪ. ಇಷ್ಟು ದಿನ ಒಂದು ಸಲಾನೂ ಮಾಡಿಸಿಲ್ಲ, ಅದಕ್ಕೆ ಕೇಳಿದೆ." ಹಾಗೆಂದರೂ ಅವಳ ಮುಖ ಅರಳಿತ್ತು. ಅಮ್ಮನ ಕಡೆ ತಿರುಗಿ, "ಕೇಳಿದ್ಯೇನಮ್ಮಾ, ನಾಳೆ ನಿನ್ನ ಗಂಡನೇ ಸ್ನಾನ ಮಾಡಿಸ್ತಾರಂತೆ, ನಾಚ್ಕೋಬೇಡ" ಎಂದಳು. ಅಮ್ಮ ಊಂ ಎಂದಳು. ಎಡಗೈಯಿಂದ ಕೂದಲು ಸರಿಮಾಡಿಕೊಂಡಳು. ಮಗಳು ಕುರ್ಚಿ ಎಲ್ಲಿಡಬೇಕು, ಬಲಗಡೆ ಹೇಗೆ ಆಸರೆ ಕೊಡಬೇಕು ಎಂದೆಲ್ಲ ಹೇಳಿಕೊಟ್ಟು, "ನೀರು ಜಾಸ್ತಿ ಕಾಯಿಸಬೇಡ, ಅವಳಿಗೆ ತಡೆಯಲ್ಲ" ಎಂದಳು.

"ಬಿಸಿ ವಿಷಯ ನನಗೆ ಹೇಳಿಕೊಡೋಕೆ ಬಂದ್ಯಾ?" ಎಂದ ಮೇಸ್ತ್ರಿ. ಇಬ್ಬರೂ ನಕ್ಕರು.

ಮರುದಿನ ಎದ್ದ, ಗುಡಿಸಿದ, ನೀರು ಕಾಯಿಸಿದ. ಹೆಂಡತಿಯನ್ನು ಬಚ್ಚಲಿಗೆ ಕರೆತಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ಬಕೆಟ್ಟಿನಲ್ಲಿ ಬಿಸಿ ಸುರಿದ, ತಣ್ಣೀರು ಬೆರೆಸಿದ, ಮೂರು ಬೆರಳು ಅದ್ದಿ ನೋಡಿದ. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ ಎಂದರೆ ಹದವಾಗಿದೆ ಎಂದರ್ಥ. ಅವನ ಲೆಕ್ಕ ಅಷ್ಟೇ, ಬಹಳ ಕಾಲದಿಂದ ಎಲ್ಲದಕ್ಕೂ ಅಷ್ಟೇ.

ಮೊದಲ ಚೊಂಬು ಎಡಗಾಲಿನ ಮೇಲೆ ಹೊಯ್ದ. ಅದು ಅವಳ ಸರಿಯಿದ್ದ ಕಾಲು. ಅವಳು ಊಂ ಎಂದಳು. ಅವನ ಮನಸ್ಸು ಆಗಲೇ ಮೌನದ ಮನೆಯಲ್ಲಿ ಜನರ ಎದುರು ನಿಂತಿತ್ತು. 'ನನ್ನ ಕೈಯಾರೆ' ಎನ್ನುವುದೋ 'ಈ ಕೈಗಳಿಂದಲೇ' ಎನ್ನುವುದೋ ಎಂದು ತೂಗಿ ನೋಡುತ್ತಿತ್ತು. ಎರಡನೆಯ ಚೊಂಬು. ಅವಳು ಊಂ ಊಂ ಊಂ ಎಂದಳು, ದನಿ ಮೇಲೆ ಹೋಯಿತು. ಎಡಗೈ ಎತ್ತಿ ಅವನ ತೋಳಿಗೆ ಹೊಡೆದಳು. ಇಂಥ ಹೊತ್ತಿನಲ್ಲೇ ಅಲ್ಲವೇ ಮನಸ್ಸು ಅಲುಗಬಾರದ್ದು? ಅವನು ಅಲುಗಲಿಲ್ಲ. ಆ ಕೈಯನ್ನು ಮೆಲ್ಲಗೆ ಹಿಡಿದು ಅವಳ ಮಡಿಲಿನಲ್ಲಿ ಒತ್ತಿ ಇಟ್ಟ. "ಶ್ಶ್. ಸುಮ್ನಿರು. ಮನಸ್ಸು ಗಟ್ಟಿ ಮಾಡ್ಕೋ" ಎಂದು, ಮೌನದ ಮನೆಯಲ್ಲಿ ಹೊಸಬರಿಗೆ ಹೇಳುವ ದನಿಯಲ್ಲೇ ಹೇಳಿದ. ಮತ್ತೆ ಹೊಯ್ದ. ಅವಳ ಕಣ್ಣಿನಿಂದ ನೀರು ಇಳಿಯಿತು. ಅದನ್ನು ನೋಡಿದ. ಆನಂದಬಾಷ್ಪ ಎಂದುಕೊಂಡ. ಆ ಕಣ್ಣೀರನ್ನೂ ವರದಿಗೆ ಸೇರಿಸಿಕೊಂಡ.

ಟವೆಲ್ಲಿನಿಂದ ಒರೆಸುವಾಗ ಕಾಲು ತೊಡೆಯಿಂದ ಕೆಳಗೆ ಕೆಂಪಗಿರುವುದು ಕಂಡಿತು. ಮಂಡಿಯ ಹತ್ತಿರ ಚರ್ಮ ಟವೆಲ್ಲಿನ ಜೊತೆ ಸರಿಯಿತು.

ಇಲ್ಲಿ ಅವನ ಎದೆ ಧಸಕ್ಕೆಂದಿತು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ಹಾಗೆ ಆಗಲಿಲ್ಲ. ಅವನು ಗಡಿಯಾರ ನೋಡಿದ. ಕಾಲಿನ ಮೇಲೆ ತಣ್ಣೀರು ಹೊಯ್ದ, ಮೆತ್ತನೆಯ ಬಟ್ಟೆ ಸುತ್ತಿದ, ಉದ್ದನೆಯ ನಿಲುವಂಗಿ ಹಾಕಿದ, ಹಾಸಿಗೆಯಲ್ಲಿ ಮಲಗಿಸಿದ. ಸ್ವಲ್ಪ ಕೆಂಪಾಗಿದೆ, ಸಂಜೆಗೆ ಇಳಿಯುತ್ತದೆ. ಅವಳು ಈಗ ಊಂ ಎನ್ನುತ್ತಿರಲಿಲ್ಲ, ಸೂರು ನೋಡುತ್ತಿದ್ದಳು. ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟ. ದಾರಿಯಲ್ಲಿ ಯಾರೋ ನಮಸ್ಕಾರ ಎಂದರು, ಇವನೂ ಎಂದ.

ಮೌನದ ಮನೆ ತುಂಬಿತ್ತು. ಬ್ರೆಡ್ಡಿನವಳೂ ಬಂದಿದ್ದಳು. ಮೇಸ್ತ್ರಿ ಎದುರು ನಿಂತು ತನ್ನ ಬೆಳಗನ್ನು ಹೇಳಿದ: ಎದ್ದೆ, ಗುಡಿಸಿದೆ, ಹೆಂಡತಿಗೆ ನನ್ನ ಕೈಯಾರೆ ಸ್ನಾನ ಮಾಡಿಸಿದೆ, ಅವಳ ಕಣ್ಣಲ್ಲಿ ನೀರು ಬಂತು, ನಾನು ಮನಸ್ಸನ್ನು ಅಲುಗಗೊಡಲಿಲ್ಲ, ಹೊರಟು ಬಂದೆ. ಪೋಸ್ಟ್ ಮಾಸ್ತರರು ಕರವಸ್ತ್ರ ತೆಗೆದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು.

ದಾದಿಯಮ್ಮ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಆಯುಷ್ಯವೆಲ್ಲ ರೋಗಿಗಳ ಮೈ ತೊಳೆದವಳು ಅವಳು. ಅಭ್ಯಾಸಬಲದಿಂದ ಎನ್ನುವ ಹಾಗೆ, "ನೀರು ಹದವಾಗಿತ್ತಾ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೇಸ್ತ್ರಿ ತನ್ನ ಬೆರಳು ನೋಡಿಕೊಂಡ. ಬೇರೆ ಯಾರೂ ಗಮನಿಸಲಿಲ್ಲ.

"ಹದವಾಗಿತ್ತಮ್ಮ" ಎಂದ.

ಸ್ಟೂಲಿನ ಮೇಲೆ ಕೂತ. ಗಂಟೆ ಬಾರಿಸಿದ. ಇಷ್ಟು ದಿನ ಜನರ ನಡುವೆ ಕೂರುತ್ತಿದ್ದವನಿಗೆ ಮೊದಲ ಸಲ ಎಲ್ಲರ ಮುಖ ಎದುರಿನಿಂದ ಕಂಡಿತು. ತನ್ನ ಒಂದು ಕೈ ಅಲುಗಾಟಕ್ಕೆ ಇಡೀ ಕೋಣೆ ತೆಪ್ಪಗಾಗಿತ್ತು. ಅವನಿಗೆ ಅದು ಇಷ್ಟವಾಯಿತು. ಸುಳ್ಳೇಕೆ, ತುಂಬಾ ಇಷ್ಟವಾಯಿತು, ಬಾಯಲ್ಲಿ ನೀರೂರುವಷ್ಟು ಇಷ್ಟವಾಯಿತು. ಎಲ್ಲ ಆಸೆ ಮುಗಿದ ಮನುಷ್ಯ ತಾನು ಎಂದುಕೊಂಡಿದ್ದವನು ಕಣ್ಣು ಮುಚ್ಚಿ, ತನ್ನೊಳಗೆ ಇದೊಂದು ಮಾತ್ರ ಗಟ್ಟಿಮುಟ್ಟಾಗಿ ಬದುಕಿರುವುದನ್ನು ಕಂಡ. ದುಃಖ ಸತ್ತಿತ್ತು, ರುಚಿ ಸತ್ತಿತ್ತು, ಇದು ಸತ್ತಿರಲಿಲ್ಲ. ಕಂಡರೂ ಎದ್ದು ಹೋಗಲಿಲ್ಲ. ಹೊತ್ತು ಮುಗಿಯುವವರೆಗೆ ಕೂತ, ಗಂಟೆ ಬಾರಿಸಿ ಎದ್ದ, ಕೈಮುಗಿದವರಿಗೆಲ್ಲ ಕೈಮುಗಿದ.

ಮನೆಗೆ ಬಂದರೆ ಮಗಳು ಇದ್ದಳು. ಅಪ್ಪ ಅಮ್ಮನಿಗೆ ಸ್ನಾನ ಮಾಡಿಸಿದ್ದನ್ನು ನೋಡಬೇಕೆಂಬ ಆಸೆಯಿಂದ ಅಂಗಡಿಯಲ್ಲಿ ಹೇಳಿ ಬಂದಿದ್ದಳು. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿತ್ತು. ಕಾಲಿನ ಮೇಲೆ ಗುಳ್ಳೆಗಳು ಎದ್ದಿದ್ದವು. ಆಂಬುಲೆನ್ಸಿಗೆ ಆಗಲೇ ಫೋನ್ ಮಾಡಿದ್ದಳು. ಅವನನ್ನು ನೋಡಿ ಅವಳು ಕೂಗಾಡಲಿಲ್ಲ; ಅಪ್ಪನ ಮಗಳು.

"ಅಪ್ಪಾ, ಅಮ್ಮ ಕೂಗಲಿಲ್ವಾ?"

"ಕೂಗಿದಳು."

"ನಿನಗೆ ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ?"

ಮೇಸ್ತ್ರಿ ಬಾಗಿಲಿನಲ್ಲೇ ನಿಂತಿದ್ದ. ಆ ದಿನ ಅವನು ಆಡಿದ ನಿಜವಾದ ಮಾತುಗಳು ಇವೇ. "ಸುಮ್ನಿರು ಅಂದೆ" ಎಂದ.

ಆಸ್ಪತ್ರೆಯವರು ಹೇಗಾಯಿತು ಎಂದಾಗ ಮಗಳು, ಬಕೆಟ್ ಮಗುಚಿತು ಎಂದು ಹೇಳಿ ಅಪ್ಪನ ಮಾನ ಉಳಿಸಿದಳು. ಕೆಲವು ದಿನಗಳ ಮೇಲೆ ಅಮ್ಮನನ್ನು ಅಲ್ಲಿಂದ ನೇರವಾಗಿ ತನ್ನ ಮನೆಗೆ ಕರೆದುಕೊಂಡು ಹೋದಳು. ಅಪ್ಪನನ್ನು ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ.

ಆ ದಿನಗಳಲ್ಲೂ ಅವನು ಬೆಳಿಗ್ಗೆ ಹೋಗಿ ಗಂಟೆ ಬಾರಿಸುತ್ತಿದ್ದ. ಹೋಗದೆ ಇರಲು ಕಾರಣ ಹೇಳಬೇಕಾಗುತ್ತದಲ್ಲ. ಹೆಂಡತಿಯನ್ನು ಮಗಳ ಮನೆಗೆ ಕಳಿಸಿದರಂತೆ ಎಂದು ತಿಳಿದಾಗ, ಇದ್ದೊಂದು ಕೊಂಡಿಯನ್ನೂ ಕಳಚಿಕೊಂಡರು ನೋಡಿ ಎಂದು ಪೋಸ್ಟ್ ಮಾಸ್ತರರು ಬೆರಗಾದರು. ಮೇಸ್ತ್ರಿ ಏನು ಮಾಡಿದರೂ ಅದಕ್ಕೊಂದು ದೊಡ್ಡ ಹೆಸರು ಸಿದ್ಧವಿತ್ತು. ಮನೆಗೆ ಬಂದು ಹಿಂದಿನ ದಿನದ ಅನ್ನ ತಿಂದು, ಗೋಡೆ ನೋಡುತ್ತ ಕೂರುತ್ತಿದ್ದ.

ಕಡೆಗೊಂದು ಸಂಜೆ ದಾದಿಯಮ್ಮನ ಮನೆಗೆ ಹೋಗಿ ಎಲ್ಲ ಹೇಳಿದ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದಳು. ನಡುವೆ ಕೈ ನಿಂತಿತು.

"ಈಗೇನು ಮಾಡಬೇಕು ಅಂತಿದ್ದೀಯ?"

"ನಾಳೆ ಎಲ್ಲರ ಎದುರು ನಿಂತು ಹೇಳಿಬಿಡ್ತೀನಮ್ಮ. ಸ್ಟೂಲೂ ಬಿಟ್ಟುಬಿಡ್ತೀನಿ."

"ಹೇಳು, ಅಳ್ತಾರೆ. ಎಂಥಾ ದೊಡ್ಡ ಮನುಷ್ಯ, ತಪ್ಪು ಒಪ್ಪಿಕೊಂಡ ಅಂತಾರೆ. ಸ್ಟೂಲು ಬಿಟ್ಟರೆ ಇನ್ನೂ ದೊಡ್ಡೋನಾಗ್ತೀಯ. ಅದೂ ನಿನಗೆ ರುಚಿಯಾಗುತ್ತೆ." ಅವಳ ದನಿಯಲ್ಲಿ ಕೋಪವಿತ್ತು, ಮುಚ್ಚಿಡಲಿಲ್ಲ. "ಆ ಬ್ರೆಡ್ ಮಾರೋಳು ಕೂತ್ಕೊಳ್ಳಲಿ, ನಾನು ಹೇಳ್ತೀನಿ. ಮೇಸ್ತ್ರಿಗೆ ಮನೇಲಿ ಕೆಲಸ ಇದೆಯಂತೆ ಅಂತೀನಿ, ಅಷ್ಟೇ. ನೀನು ಬೆಳಿಗ್ಗೆ ಎದ್ದು ಮಗಳ ಮನೆಗೆ ಹೋಗು. ಯಾರಿಗೂ ಹೇಳಬೇಡ."

"ಹೋಗಿ ಏನು ಮಾಡ್ಲಿ?"

"ನೀನು ಸುಟ್ಟಿರೋದು ನನ್ನ ಕಾಲಲ್ಲ. ಯಾರ ಕಾಲೋ ಅವಳನ್ನ ಕೇಳು." ಮತ್ತೆ ಎಣ್ಣೆ ತಿಕ್ಕತೊಡಗಿದಳು.

ಹೋದ. ಮೊದಲ ದಿನ ಮಗಳು ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತಳು. ಹೆಂಡತಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು, ಕಾಲಿಗೆ ಪಟ್ಟಿ. ಅವನನ್ನು ನೋಡಿ ಊಂ ಎನ್ನಲಿಲ್ಲ. ಅವನು ಬಾಗಿಲ ಬಳಿ ಒಂದಷ್ಟು ಹೊತ್ತು ನಿಂತು ಹಿಂದಿರುಗಿದ. ಮರುದಿನವೂ ಹೋದ. ಹೋಗುತ್ತ ಹೋಗುತ್ತ ಮಗಳು ಸಣ್ಣಪುಟ್ಟ ಕೆಲಸ ಹೇಳತೊಡಗಿದಳು: ಟವೆಲ್ ಒಣಗಿಸು, ಮುಲಾಮು ತಂದುಕೊಡು, ಬಚ್ಚಲು ಉಜ್ಜು. ಮಾಡಿದ. ಸ್ನಾನದ ಹೊತ್ತಿನಲ್ಲಿ ಹೊರಗೆ ನೆಲದ ಮೇಲೆ ಕೂತು ಒಳಗಿನ ದನಿ ಕೇಳಿಸಿಕೊಳ್ಳುತ್ತಿದ್ದ. ಸೋಪಿಗೆ ಒಂದು ಊಂ, ಟವೆಲ್ಲಿಗೆ ಒಂದು ಊಂ, ಮಗಳು ಏನೋ ತಮಾಷೆ ಮಾಡಿದರೆ ಇನ್ನೊಂದು. ಒಂದೇ ಅಲ್ಲ, ಅವು ಬೇರೆ ಬೇರೆ ಎಂದು ಅವನಿಗೆ ಕೇಳಿಸತೊಡಗಿತು. ಹೆಮ್ಮೆಪಡುವ ಸಂಗತಿಯೇನೂ ಅಲ್ಲ ಅದು. ಮಗಳು ಎರಡು ವಾರದಲ್ಲಿ ಕಲಿತದ್ದು.

ಗಾಯ ಮಾಗಿ ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಮಗಳು ಒಳಗಿನಿಂದ ಕರೆದಳು. "ಬಾಪ್ಪ. ನೀರು ನಾನು ನೋಡಿದ್ದೀನಿ, ಸರಿಯಿದೆ. ಕಾಲಿಗೆ ನೀನು ಹಾಕು."

ಮೇಸ್ತ್ರಿ ಒಳಗೆ ಹೋದ. ಮಂಡಿಯೂರಿ ಕೂತು, ಚೊಂಬಿನಲ್ಲಿ ನೀರು ತುಂಬಿಕೊಂಡ. ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಅವಳು ಚೊಂಬನ್ನು ನೋಡುತ್ತಿದ್ದಳು. ಅವನು ಕೈ ಮುಂದೆ ತಂದ. ಅವಳು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ಅವನಿಗೆ ನೋವಾಯಿತು. ಏನೆಂದು ಗುರುತು ಹಿಡಿಯುವುದಕ್ಕೇ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಚೊಂಬು ಹಿಂದಕ್ಕೆ ತೆಗೆಯುವಾಗ ನೀರು ಅವನ ಪಂಚೆಯ ಮೇಲೆಲ್ಲ ಚೆಲ್ಲಿತು.

"ಇವತ್ತು ಬೇಡ ಬಿಡಪ್ಪ" ಎಂದು ಮಗಳು ಮೆಲ್ಲಗೆ ಹೇಳಿ ಚೊಂಬು ತೆಗೆದುಕೊಂಡಳು.

ಅವನು ಒದ್ದೆ ಪಂಚೆಯಲ್ಲೇ ಎದ್ದು ಹೊರಗೆ ಬಂದು ತನ್ನ ಜಾಗದಲ್ಲಿ ಕೂತ. ಮರುದಿನ ಮತ್ತೆ ಹೋದ. ಅವಳು ಮತ್ತೆ ಕಾಲು ಎಳೆದುಕೊಂಡಳು. ಅದರ ಮರುದಿನವೂ ಹೋದ.